ಇತಿಹಾಸದ ಕ್ಲಾಸಿಗೆ ಒಬ್ಬಳೇ

ಎಂಬತ್ತರ ದಶಕದ ಆರಂಭದಲ್ಲಿ ಆಳಂದದ ಆ ಕಾಲೇಜಿನಲ್ಲಿ ಹುಡುಗಿಯರು ತಾವಾಗಿಯೇ ಹೋಗಿ ಕ್ಲಾಸಿನಲ್ಲಿ ಕೂಡುತ್ತಿರಲಿಲ್ಲ. ಗಂಟೆ ಹೊಡೆದರೂ ಲೇಡೀಸ್ ರೂಮಿನಲ್ಲೇ ಕಾಯಬೇಕು. ಲೆಕ್ಚರರು ಬಾಗಿಲ ಮುಂದೆ ಹಾದುಹೋದಾಗ ಅವರ ಬೆನ್ನಿಗೆ ಸಾಲಾಗಿ ಹೊರಡಬೇಕು, ಪಾಠ ಮುಗಿದ ಮೇಲೆ ಅವರ ಬೆನ್ನಿಗೇ ಹೊರಬರಬೇಕು. ಈ ನಿಯಮ ಯಾವ ಬೋರ್ಡಿನ ಮೇಲೂ ಇರಲಿಲ್ಲ. ಬರೆದಿದ್ದರೆ ಯಾರಾದರೂ ಮುರಿಯುತ್ತಿದ್ದರೋ ಏನೋ.

ಈ ಸಾಲಿನ ದೆಸೆಯಿಂದ, ಬಿ.ಎ.ಗೆ ಯಾವ ಐಚ್ಛಿಕ ವಿಷಯ ಎಂಬುದನ್ನು ಹುಡುಗಿಯರು ತಮ್ಮ ತಲೆಯನ್ನಲ್ಲ, ಗೆಳತಿಯರ ಕಾಲನ್ನು ನೋಡಿ ತೀರ್ಮಾನಿಸುತ್ತಿದ್ದರು. ಹಿಂದಿನವರು ಸಮಾಜಶಾಸ್ತ್ರದ ಗುಂಪು ತೆಗೆದುಕೊಂಡಿದ್ದರು, ಹಾಗಾಗಿ ಮುಂದಿನವರೂ ಅದನ್ನೇ. ಇತಿಹಾಸ ಮತ್ತು ಕನ್ನಡದ ಗುಂಪಿನಲ್ಲಿ ಹುಡುಗರು ಮಾತ್ರ ಇದ್ದರು.

ಪಿಂಜಾರ ಲಾಡ್ಲೆಸಾಬನ ಮಗಳು ಫಕ್ರುನ್ನಿಸಾಳಿಗೆ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಆಸೆ. ಪಿಯುಸಿ ಪಾಸಾಗಿ ಕಾಲೇಜು ಸೇರಿದಾಗ ಗೆಳತಿ ಶಿವಕಾಂತಾ ಅವಳ ಕೈ ಹಿಡಿದು, "ನಮ್ಮ ಸಂಗಟ ಬಾರ ಬೇ. ಅಲ್ಲಿ ಒಬ್ಬಾಕಿ ಏನ್ ಮಾಡ್ತಿ?" ಎಂದಳು. ಅಪ್ಪನ ಷರತ್ತೂ ಅದೇ ಆಗಿತ್ತು: ಹೆಣ್ಣುಮಕ್ಕಳು ಎಲ್ಲಿ ಕೂಡುತ್ತಾರೋ ಅಲ್ಲಿಯೇ ಕೂಡಬೇಕು. ಫಕ್ರುನ್ನಿಸಾ ಹೂಂ ಅಂದಳು. ಸಾಲಿನ ನಡುವೆ ನಡೆಯುವುದು ಸುಖವಾಗಿಯೇ ಇತ್ತು, ಅದರಲ್ಲಿ ಸುಳ್ಳು ಹೇಳಬೇಕಾಗಿಲ್ಲ.

ಪಕ್ಕದ ಓಣಿಯ ಸುಭದ್ರಾಬಾಯಿ ಅದೇ ಗುಂಪಿನಲ್ಲಿ ಬಿ.ಎ. ಮುಗಿಸಿ ಬಿ.ಎಡ್.ಗೆಂದು ಹೋಗಿ, ವಾರದೊಳಗೆ ಪೆಟ್ಟಿಗೆ ಸಮೇತ ತಿರುಗಿ ಬಂದಾಗ ಆ ಸುಖ ಹೋಯಿತು. "ನೀವು ಓದಿದ್ದು ಹೈಸ್ಕೂಲಿನಾಗ ಯಾರೂ ಕಲಿಸಂಗಿಲ್ಲ. ಏನಂತ ಸೀಟು ಕೊಡೂಣು ಅಂದ್ರವ್ವ ಆ ಕಾಲೇಜಿನವರು," ಎಂದು ಆಕೆ ಹೇಳಿದಳು. ಗುಂಪು ಬದಲಿಸಲು ಇನ್ನೂ ಅವಕಾಶವಿತ್ತು, ಆದರೆ ಆ ತಿಂಗಳು ಮುಗಿಯುವುದರೊಳಗೆ.

ಇತಿಹಾಸದ ಗುಂಪಿಗೆ ಬಾ ಎಂದು ಫಕ್ರುನ್ನಿಸಾ ಶಿವಕಾಂತಾಳನ್ನೂ ಕರೆದಳು. ಅವಳು ತಲೆ ತಗ್ಗಿಸಿ, "ನಂಗ ಧೈರ್ಯ ಇಲ್ಲವಾ," ಎಂದಳು.

ಲಾಡ್ಲೆಸಾಬ ಹತ್ತಿ ಹಿಂಜುವ ಬಿಲ್ಲು ಹೆಗಲಿಗೇರಿಸಿ ಮಟಕಿ ಎಂಬ ಹಳ್ಳಿಗೆ ಹೊರಟಿದ್ದ. ಅಲ್ಲಿಯ ಗೌಡರ ಮನೆಯಲ್ಲಿ ಮದುವೆಗೆ ಗಾದಿ ಹೊಲಿಯುವುದಿತ್ತು. ಮಗಳು ಬಾಗಿಲಲ್ಲಿ ನಿಂತಳು.

"ಅಬ್ಬಾ, ಒಬ್ಬರೇ ಹೊಂಟೀರೇನು? ಜೋಡಿಗಿ ಯಾರೂ ಬ್ಯಾಡೇನು?"

"ಕೆಲಸ ಅಲ್ಲಿ ಅದ, ಹೋಗ್ತೇನಿ. ಜೋಡಿ ಯಾಕ?"

"ನನ್ನ ಕೆಲಸ ಇತಿಹಾಸದ ಕ್ಲಾಸಿನಾಗ ಅದ. ಅಲ್ಲಿ ಒಬ್ಬ ಹುಡುಗಿನೂ ಇಲ್ಲ."

ಲಾಡ್ಲೆಸಾಬನಿಗೆ ಸಿಟ್ಟು ಬಂತು. ನಾನು ಗಂಡಸು ಎನ್ನಲು ಬಾಯಿ ತೆರೆದವನು ಯಾಕೋ ಮುಚ್ಚಿಕೊಂಡ. ಬಿಲ್ಲು ಸರಿಮಾಡಿಕೊಂಡು ಹೋಗಿಬಿಟ್ಟ. ಮಟಕಿಯಲ್ಲಿ ದಿನವಿಡೀ ಹತ್ತಿ ಹಿಂಜಿ ತಿರುಗಿ ಬರುವವರೆಗೂ ಮಗಳು ಒಂದು ತುತ್ತು ಉಣ್ಣಲಿಲ್ಲ. ಬಂದವನು, "ನಾಳಿ ನಾನೂ ಬರ್ತೇನಿ," ಎಂದಷ್ಟೇ ಹೇಳಿ ಕೈಕಾಲು ತೊಳೆದುಕೊಂಡ. ಕಾಲೇಜು ಬಿಡಿಸಲು ಬರುತ್ತಾನೋ ಇತಿಹಾಸಕ್ಕೆ ಸೇರಿಸಲು ಬರುತ್ತಾನೋ, ಕೇಳಲು ಫಕ್ರುನ್ನಿಸಾಳಿಗೆ ಧೈರ್ಯವಾಗಲಿಲ್ಲ.

ಮರುದಿನ ಕಾಲೇಜಿನಲ್ಲಿ ಅವನು ಇತಿಹಾಸದ ಲೆಕ್ಚರರ್ ದೌಲತರಾಯರ ಮುಂದೆ ಟೋಪಿ ಸರಿಮಾಡಿಕೊಂಡು ನಿಂತ. ಗಡ್ಡದಲ್ಲಿ ಹತ್ತಿಯ ಎಳೆ ಇನ್ನೂ ಅಂಟಿಕೊಂಡಿತ್ತು. ಇತಿಹಾಸದಿಂದ ಏನು ಉಪಯೋಗ, ನೌಕರಿ ಸಿಗುತ್ತದೆಯೇ, ಒಂದನ್ನೂ ಕೇಳಲಿಲ್ಲ.

"ಸಾಹೇಬ್ರ, ನನ್ನ ಮಗಳು ಕೂಡೂತನಕ ನೀವು ಕುರ್ಚಿ ಮ್ಯಾಲ ಕೂಡಂಗಿಲ್ಲಲ್ರಿ? ನೀವು ನಿಂತಿದ್ರ ಹುಡುಗರು ಆಕಿ ಗೊಡವಿಗಿ ಬರಂಗಿಲ್ಲ."

ದೌಲತರಾಯರು ನಗಲಿಲ್ಲ. "ಆಕಿ ಕೂತ ಮ್ಯಾಲೇ ಕೂಡ್ತೇನ್ರಿ," ಎಂದರು.

ಅವಳು ಕೂಡುವ ಮೊದಲು ಅವರು ಎಂದೂ ಕೂಡಲಿಲ್ಲ. ಮೂರು ವರ್ಷ ಆ ಮಾತು ನಡೆಸಿದರು. ಮೊದಲ ದಿನ ಅವರ ಬೆನ್ನಿಗೆ ಒಬ್ಬಳೇ ನಡೆದಾಗ ಹಿಂದಿನ ಬೆಂಚಿನಿಂದ ಸೀಟಿ ಬಂತು, ಯಾರೋ ಕೆಮ್ಮಿದರು. ಲೇಡೀಸ್ ರೂಮಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಶಿವಕಾಂತಾ ಮುಖ ಹೊರಳಿಸಿದಳು. ಫಕ್ರುನ್ನಿಸಾಳಿಗೆ ಸೀಟಿಗಿಂತ ಅದರಿಂದಲೇ ಹೆಚ್ಚು ನೋವಾಯಿತು.

ಮುಂದೆ ಅವಳು ಬಿ.ಎಡ್. ಮುಗಿಸಿ ಜೇವರ್ಗಿಯ ಹೈಸ್ಕೂಲೊಂದರಲ್ಲಿ ಇತಿಹಾಸದ ಟೀಚರ್ ಆದಳು. ಶಿವಕಾಂತಾ ಬಿ.ಎ. ಪಾಸಾಗಿ ಮದುವೆಯಾಗಿ ಹವಳಗಾಕ್ಕೆ ಹೋದಳು. ಅವಳಿಗೂ ಟೀಚರ್ ಆಗುವ ಆಸೆಯಿತ್ತು ಎಂಬುದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಹತ್ತು ವರ್ಷದ ಮೇಲೆ ಒಂದು ಮಧ್ಯಾಹ್ನ ಶಿವಕಾಂತಾ ಜೇವರ್ಗಿಗೆ ಬಂದಳು. ಸಂಗಡ ಪಿಯುಸಿ ಮುಗಿಸಿದ ನಾದಿನಿ ಇದ್ದಳು. ಚಹಾ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ಮಾತು ತೆಗೆದಳು.

"ಇಕಿ ಗೆಳತ್ಯಾರು ಒಂದು ಗುಂಪು ತಗೊಂಡಾರ, ಇಕಿಗಿ ಬೇಕಾದದ್ದು ಬ್ಯಾರೆ. ಯಾವುದು ತಗೋಬೇಕಂತ ನೀ ಹೇಳಬ್ಯಾಡ, ಅದು ಇಕಿಗಿ ಗೊತ್ತದ. ಒಬ್ಬಾಕಿ ಹೆಂಗ ನಡೀಬೇಕು, ಅಷ್ಟು ಹೇಳು."

ಫಕ್ರುನ್ನಿಸಾ ಆ ಹುಡುಗಿಯ ಕಡೆ ತಿರುಗಿ ಹೇಳಿದಳು: "ಮೊದಲ ದಿನ ಕಾಲು ನಡಗತಾವ. ನಡಗಲಿ ಬಿಡು. ಯಾರ ಮಾರಿನೂ ನೋಡಬ್ಯಾಡ, ನಿನ್ನ ಬೆಂಚ್ ಎಲ್ಲಿ ಅದ ನೋಡು, ಹೋಗಿ ಕೂಡು."

ಹುಡುಗಿ ತಲೆಯಾಡಿಸಿದಳು. ಶಿವಕಾಂತಾ ಮಾತ್ರ ಖಾಲಿ ಕಪ್ಪು ಕೆಳಗಿಡುವುದನ್ನೂ ಮರೆತು, ನಾದಿನಿಗಿಂತ ಗಮನವಿಟ್ಟು ಕೇಳುತ್ತಿದ್ದಳು.