ಹಳೇ ಕಂಪ್ಯೂಟರಿನಲ್ಲಿ ಬಿಟ್ಟುಬಂದ ಮದುವೆ

ಮಕ್ಕಳೇ, ನಿಮ್ಮ ತಾತ ಜೀವಮಾನವೆಲ್ಲ ಮದುವೆ ವಿಡಿಯೊ ತೆಗೆದರು. ಆದರೆ ಒಂದು ಮದುವೆಯಲ್ಲೂ ಅವರ ಮುಖವಿಲ್ಲ. ಕ್ಯಾಮೆರಾ ಹಿಡಿದವರ ಮುಖ ಕ್ಯಾಮೆರಾದಲ್ಲಿ ಹೇಗೆ ಬರಬೇಕು? ಇರುವುದು ಧ್ವನಿ ಮಾತ್ರ. ಅದೂ ದೊಡ್ಡ ಮಾತೇನಲ್ಲ. "ತಲೆ ತಗ್ಸಿ ಯಜಮಾನ್ರೇ." "ಪಕ್ಕಕ್ ಬನ್ರವ್ವಾ." "ಮಾವ್ನೋರೇ, ತಾಳಿ ಕಾಣ್ತಾ ಇಲ್ಲ." ಮದುವೆಯವರಿಗೆ ಕೊಡುವಾಗ ಇದರ ಮೇಲೆಲ್ಲ ವಾಲಗ ಹಾಕಿ ಮುಚ್ಚುತ್ತಿದ್ದೆವು. ವಾಲಗ ಹಾಕದ ಮೂಲ ವಿಡಿಯೊಗಳು ಮಾತ್ರ ನಂಜನಗೂಡಿನ ನಮ್ಮ ಸ್ಟುಡಿಯೋದ ಹಳೇ ಕಂಪ್ಯೂಟರಿನಲ್ಲಿದ್ದವು.

ಅವರು ತೀರಿಹೋದ ಮೇಲೆ ಸ್ಟುಡಿಯೋ ನಡೆಸಿದ್ದು ನಿಮ್ಮ ಅಮ್ಮ. ಅವಳು ಮಧ್ಯಾಹ್ನ ಊಟಕ್ಕೆಂದು ಮನೆಗೆ ಹೋದಾಗ ನಾನು ಹೆಡ್‌ಫೋನ್ ಹಾಕಿಕೊಂಡು ದಿನಕ್ಕೊಂದು ಮದುವೆ ಕೇಳುತ್ತಿದ್ದೆ. ನೋಡುತ್ತಿರಲಿಲ್ಲ, ಕೇಳುತ್ತಿದ್ದೆ. ಯಾರಾದರೂ ಬಂದರೆ ಸೆರಗಿನಿಂದ ಕೀಬೋರ್ಡ್ ಒರೆಸುವವಳಂತೆ ನಟಿಸುತ್ತಿದ್ದೆ. ಗಂಡನ ಹೆಸರನ್ನೇ ಬಾಯಿಬಿಟ್ಟು ಹೇಳದೆ ಸಂಸಾರ ಮಾಡಿದವಳು ನಾನು. ಅವರ ದನಿ ಕೇಳಬೇಕು ಅನ್ನಿಸುತ್ತದೆ ಎಂದು ಮಗಳ ಮುಂದೆ ಹೇಗೆ ಹೇಳುವುದು? ಇದು ತಿಳಿಯದಿದ್ದರೆ ಮುಂದೆ ನಾನು ಮಾಡಿದ್ದೆಲ್ಲ ನಿಮಗೆ ಹುಚ್ಚಾಗಿ ಕಾಣುತ್ತದೆ. ಅದಕ್ಕೇ ಮೊದಲು ಬರೆದೆ.

ಎಡಿಟಿಂಗ್ ಕೆಲಸ ನಾನು ಕಲಿತದ್ದೂ ನಾಚಿಕೆಯಿಂದಲೇ. ನನ್ನ ತವರೂರು ಹದಿನಾರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ಸ್ಟುಡಿಯೋದ ಮುಂದೆ ಕೂತರೆ ಬಂದವರ ಹತ್ತಿರ ಮಾತಾಡಬೇಕು. ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತರೆ ಅದು ಏನೂ ಕೇಳುವುದಿಲ್ಲ. ಇಂಗ್ಲಿಷ್ ಅಕ್ಷರಗಳನ್ನು ಬಸ್ಸಿನ ಬೋರ್ಡಿನಂತೆ ಗುರುತು ಹಿಡಿದು ಹಿಡಿದೇ ಮದುವೆ ಕತ್ತರಿಸುವುದನ್ನು ಕಲಿತೆ.

ಹಳೇ ಕಂಪ್ಯೂಟರು ನಿಧಾನವಾಯಿತೆಂದು ನಿಮ್ಮ ಅಮ್ಮ ಹೊಸದು ತರಿಸಿದಳು. ಅದು ಬೇರೆ ಕಂಪನಿಯದು. ಹಳೆಯದರ ಫೈಲುಗಳನ್ನು ಹಾಗೇ ಎತ್ತಿಟ್ಟರೆ ಇದು ಬಾಗಿಲು ತೆರೆಯುವುದಿಲ್ಲವಂತೆ. ಎಲ್ಲವನ್ನೂ ಹೊಸ ಕೋಡೆಕ್‌ಗೆ ಬದಲಾಯಿಸಬೇಕು ಎಂದರು ಮೈಸೂರಿನಿಂದ ಬಂದ ಕಂಪ್ಯೂಟರಿನವರು. ಅರ್ಧ ನರೆತ ತಲೆ, ಮಾತಿಗೊಮ್ಮೆ ಕನ್ನಡಕ ತೆಗೆದು ಒರೆಸುವ ಅಭ್ಯಾಸ.

"ಕೋಡೆಕ್ ಅಂದ್ರೆ ವಿಡಿಯೊನ ಮಡಿಚಿಡೋ ರೀತಿ ಮೇಡಂ. ಒಂದು ರೀತಿ ಇದೆ, ಚಿಕ್ಕದಾಗಿ ಒತ್ತಿಡುತ್ತೆ. ಜಾಗ ಕಮ್ಮಿ. ಆದ್ರೆ ಎಡಿಟ್ ಮಾಡುವಾಗ ಪ್ರತಿ ಸಲ ಬಿಚ್ಚಬೇಕು, ಕಂಪ್ಯೂಟರ್ ತಿಣುಕುತ್ತೆ. ಇನ್ನೊಂದು ಬಿಚ್ಚಿಟ್ಟ ಹಾಗೇ ಇರುತ್ತೆ. ಕೆಲಸ ಸಲೀಸು. ಆದ್ರೆ ನಾಲ್ಕು ಮದುವೆಗೆ ಡಿಸ್ಕ್ ತುಂಬೋಗುತ್ತೆ."

"ಎಲ್ಡರಲ್ಲಿ ಯಾವ್ದು ಒಳ್ಳೇದು ಸಾ?" ಎಂದಳು ನಿಮ್ಮ ಅಮ್ಮ.

"ಅದು ನಿಮ್ಮ ಅಗತ್ಯದ ಮೇಲೆ."

"ನಮ್ಗೆ ಒಳ್ಳೇದ್ ಬೇಕು ಸಾ."

"ಎರಡೂ ಒಳ್ಳೇದೇ ಮೇಡಂ."

"ಅಂಗಾರೆ ಒಂದ್ನ ಏಳಿ."

"ನಾನು ಹೇಗೆ ಹೇಳಲಿ? ಅದು ನಿಮ್ಮ ಅಗತ್ಯದ ಮೇಲೆ."

ಎರಡು ಸಲ ಕಾಫಿ ಬಂದರೂ ಮಾತು ಅಲ್ಲೇ ಸುತ್ತುತ್ತಿತ್ತು. ಬಾಗಿಲ ಹಿಂದೆ ನಿಂತಿದ್ದ ನನಗೆ ಆಗಲೇ ಅರ್ಥವಾಗಿತ್ತು. ಒಂದು ಸಂಡಿಗೆ, ಇನ್ನೊಂದು ಅನ್ನ. ಸಂಡಿಗೆ ಡಬ್ಬಿಯಲ್ಲಿ ವರ್ಷಗಟ್ಟಲೆ ಇರುತ್ತದೆ, ಆದರೆ ತಿನ್ನಬೇಕಾದಾಗ ಎಣ್ಣೆ ಕಾಯಿಸಬೇಕು. ಅನ್ನವನ್ನು ಕಲಸಿಕೊಂಡು ಉಣ್ಣಬಹುದು, ಆದರೆ ದೊಡ್ಡ ತಪ್ಪಲೆ ಬೇಕು. ನಿಮ್ಮ ಅಮ್ಮನನ್ನು ಕರೆದು ಕಿವಿಯಲ್ಲಿ ಹೇಳಿದೆ. ಅವಳು ಅದನ್ನೇ ಊರಿಗೆಲ್ಲ ಕೇಳುವಂತೆ ಹೇಳಿದಳು.

ಅವರು ಕನ್ನಡಕ ಒರೆಸಿಕೊಂಡು ಬಾಗಿಲ ಕಡೆ ನೋಡಿದರು. "ಅಮ್ಮಾ, ಹಾಗಾದ್ರೆ ನಿಮಗೆ ಸಂಡಿಗೆ ಬೇಕೋ ಅನ್ನ ಬೇಕೋ?"

"ಮುಗ್ದೋದ ಮದ್ವೆಗೆಲ್ಲಾ ಸಂಡಿಗೆ. ಇನ್ಮುಂದೆ ಬರೋ ಮದ್ವೆಗೆ ಅನ್ನ," ಎಂದೆ, ಬಾಗಿಲಿಗೆ ಹೇಳುವಂತೆ.

ಕೋಡೆಕ್ ಆರಿಸಿದ್ದು ಹೀಗೆ. ಹೊಸ ಕಂಪ್ಯೂಟರಿನಲ್ಲಿ ಇವತ್ತಿಗೂ ಎರಡು ಫೋಲ್ಡರುಗಳ ಹೆಸರು ಸಂಡಿಗೆ, ಅನ್ನ ಎಂದೇ ಇರುವುದು ಅದಕ್ಕೆ. ಅಡುಗೆಯ ವಿಡಿಯೊ ಇರಬಹುದೆಂದು ತೆರೆದು ನೋಡಿ ನೀವು ನಿರಾಶರಾಗಿದ್ದಿರಿ.

ಕೋಡೆಕ್ ಗೊತ್ತಾದ ಮೇಲೆ ಮನೆ ಬದಲಾಯಿಸುವ ಶಾಸ್ತ್ರ. ಹೊಸ ಮನೆಗೆ ಹೋಗುವಾಗ ಹಾಲುಕ್ಕಿಸದೆ ಯಾರಾದರೂ ಹೋಗುತ್ತಾರೆಯೇ? ನಿಮ್ಮ ಅಮ್ಮ ಪುಟ್ಟ ಒಲೆಯನ್ನು ಮೇಜಿನ ಮೇಲೆ ಕಂಪ್ಯೂಟರಿನ ಪಕ್ಕದಲ್ಲೇ ಇಟ್ಟಳು.

"ಮೇಡಂ, ದಯವಿಟ್ಟು ನೆಲದ ಮೇಲೆ."

"ನೆಲದ ಮ್ಯಾಲ್ ಉಕ್ಸುದ್ರೆ ನೆಲುಕ್ ಒಳ್ಳೇದಾಯ್ತದೆ ಸಾ, ಕಂಪ್ಯೂಟ್ರಿಗಲ್ಲ."

ಅವರು ಎರಡೂ ಕೈ ಅಗಲಿಸಿ ಕಂಪ್ಯೂಟರಿಗೆ ಅಡ್ಡ ನಿಂತರು. ಹಾಲು ಪೂರ್ವಕ್ಕೇ ಉಕ್ಕಿತು. ಪೂರ್ವಕ್ಕೆ ಅವರ ಅಂಗಿ ಇತ್ತು.

ಬದಲಾಯಿಸುವ ಕೆಲಸ ಎರಡು ವಾರ ನಡೆಯಿತು. ಅಷ್ಟು ದಿನ ಯಾರೂ ಏನನ್ನೂ ಮುಟ್ಟಬಾರದು ಎಂದು ಅಪ್ಪಣೆಯಾಗಿತ್ತು, ನನ್ನ ಮಧ್ಯಾಹ್ನಗಳೂ ನಿಂತುಹೋದವು. ಒಂದೊಂದು ಮದುವೆ ಮುಗಿದಾಗಲೂ ನಿಮ್ಮ ಅಮ್ಮ ತೆರೆದು ನೋಡುತ್ತಿದ್ದಳು. ಚಿತ್ರ ಚೆನ್ನಾಗಿದೆ, ಸರಿ, ಮುಂದಿನದು. ಸ್ಪೀಕರನ್ನು ಹೊಸ ಕಂಪ್ಯೂಟರಿಗೆ ಜೋಡಿಸಿಯೇ ಇರಲಿಲ್ಲ. ನಮ್ಮ ಸ್ಟುಡಿಯೋದಲ್ಲಿ ಶಬ್ದ ಪರೀಕ್ಷೆ ಮಾಡುವ ಪದ್ಧತಿಯೇ ಇರಲಿಲ್ಲ. ಏನೇ ಶಬ್ದವಿದ್ದರೂ ಅದರ ಮೇಲೆ ಬೀಳುವುದು ವಾಲಗ ತಾನೆ?

ಒಂದು ಮನೆಯವರಿಗೆ ಎರಡು ಒಲೆ ಉರಿಯಬಾರದು. ಹಳೇ ಕಂಪ್ಯೂಟರನ್ನು ಟಿ. ನರಸೀಪುರದಲ್ಲಿ ಪಾಸ್‌ಪೋರ್ಟ್ ಫೋಟೊ ತೆಗೆಯುವ ಒಬ್ಬರಿಗೆ ಕೊಡುವುದೆಂದು ಮಾತಾಗಿತ್ತು. ಖಾಲಿ ಮಾಡುವ ಕೆಲಸ ನನ್ನದು. ಎಲ್ಲ ಮದುವೆಗಳನ್ನೂ ಒಂದೊಂದಾಗಿ ಅಳಿಸಲು ಕೂತೆ. ಆಗ ಕೈ ತಡೆಯಿತು. ಮನೆ ಬಿಟ್ಟು ಬರುವಾಗ ಪೂರ್ತಿ ಬರಿದು ಮಾಡಬಾರದು, ಮೂಲೆಯಲ್ಲಿ ಒಂದು ಹಿಡಿ ಅಕ್ಕಿ ಬಿಟ್ಟು ಬರಬೇಕು ಎಂದು ನಮ್ಮವ್ವ ಹೇಳುತ್ತಿದ್ದಳು. ಕಂಪ್ಯೂಟರಿನಲ್ಲಿ ಅಕ್ಕಿ ಎಲ್ಲಿಡುವುದು? ಒಂದು ಮದುವೆ ಬಿಡೋಣವೆಂದುಕೊಂಡೆ. ಹೊಸದರಲ್ಲಿ ಎಲ್ಲದರ ಪ್ರತಿ ಇದೆಯಲ್ಲ, ನಷ್ಟವೇನು? ಆದರೂ ಅಕ್ಕಿ ಬಿಡುವವರು ಒಳ್ಳೆಯ ಅಕ್ಕಿ ಬಿಡುತ್ತಾರೆಯೇ? ನುಚ್ಚು ಬಿಡುತ್ತಾರೆ. ನಾನೂ ಹುಡುಕಿ ಹುಡುಕಿ ಅತಿ ಕೆಟ್ಟ ಮದುವೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಅಳಿಸಿದೆ. ತಗಡೂರಿನ ಮದುವೆ ಅದು. ಗಂಡಿನ ಸೋದರಮಾವ ಗೋಪುರದಂಥ ಪೇಟ ಕಟ್ಟಿಕೊಂಡು ಕ್ಯಾಮೆರಾದ ಮುಂದೆಯೇ ನಿಂತಿದ್ದರು. ಹನ್ನೊಂದು ನಿಮಿಷ ಪೇಟದ ಹಿಂಭಾಗ ಬಿಟ್ಟರೆ ಏನೂ ಕಾಣುವುದಿಲ್ಲ.

ಟಿ. ನರಸೀಪುರದವರು ಬಂದು ಕಂಪ್ಯೂಟರಿಗೆ ಕಂಬಳಿ ಹೊದಿಸಿ ಆಟೋದಲ್ಲಿ ಕರೆದುಕೊಂಡು ಹೋದರು. ಒಂದು ವಾರ ಸ್ಟುಡಿಯೋದಲ್ಲಿ ಬಿಡುವಿರಲಿಲ್ಲ, ಆಮೇಲೆ ಒಂದು ಮಧ್ಯಾಹ್ನ ನಾನು ಹೆಡ್‌ಫೋನ್ ಹಾಕಿಕೊಂಡು ಸಂಡಿಗೆ ತೆರೆದೆ.

ಶಬ್ದವಿಲ್ಲ. ನನ್ನ ಕಿವಿಯೇ ಹೋಯಿತೆಂದುಕೊಂಡೆ. ಹೆಡ್‌ಫೋನ್ ತೆಗೆದರೆ ಪಕ್ಕದ ಮನೆಯ ಕುಕ್ಕರ್ ಕೂಗಿದ್ದು ಕೇಳಿಸಿತು. ಹಾಕಿಕೊಂಡರೆ ಇಲ್ಲ. ಹುಲ್ಲಹಳ್ಳಿಯ ಮದುವೆ ತೆರೆದೆ, ಇಲ್ಲ. ಇನ್ನೊಂದು, ಮತ್ತೊಂದು. ಪುರೋಹಿತರು ಬಾಯಿ ಆಡಿಸುತ್ತಾರೆ, ವಾಲಗದವರು ಕೆನ್ನೆ ಉಬ್ಬಿಸುತ್ತಾರೆ, ಅಡ್ಡ ನಿಂತವರು ಯಾರೋ ಗದರಿದಂತೆ ತಟಕ್ಕನೆ ಪಕ್ಕಕ್ಕೆ ಸರಿಯುತ್ತಾರೆ. ಗದರಿದವರು ಮಾತ್ರ ಇಲ್ಲ.

ನಿಮ್ಮ ಅಮ್ಮ ಮೈಸೂರಿಗೆ ಫೋನ್ ಮಾಡಿದಳು. ಆ ಹಳೇ ಫೈಲುಗಳಲ್ಲಿ ಚಿತ್ರ, ಶಬ್ದ ಎರಡನ್ನೂ ಒಟ್ಟಿಗೆ ಹೆಣೆದಿರುತ್ತಾರಂತೆ, ಬದಲಾಯಿಸುವಾಗ ಚಿತ್ರ ಬಂದು ಶಬ್ದ ಹಿಂದೆಯೇ ಉಳಿದಿದೆಯಂತೆ.

"ಪರವಾಗಿಲ್ಲ ಮೇಡಂ, ಮೂಲ ಇದೆಯಲ್ಲ. ಇನ್ನೊಂದ್ಸಲ ಮಾಡೋಣ."

"ಮೂಲ ಅಳಿಸ್ಬುಟ್ವಿ ಸಾ."

"ಅಷ್ಟು ಬೇಗ ಯಾಕೆ ಅಳಿಸಿದ್ರಿ?"

"ಎಲ್ಡ್ ಒಲೆ ಉರೀಬಾರ್ದು ಅಂತ."

ಆ ಕಡೆ ಅವರು ಕನ್ನಡಕ ಒರೆಸುತ್ತಿದ್ದಿರಬೇಕು.

"ಓಗ್ಲಿ ಬುಡವ್ವಾ," ಎಂದಳು ನಿಮ್ಮ ಅಮ್ಮ ನನ್ನ ಮುಖ ನೋಡಿ. "ಎಂಗಿದ್ರೂ ವಾಲಗ ತಾನೆ ಆಕಾದು? ಆ ಶಬ್ದ ಯಾರಿಗ್ ಬೇಕು?"

ನನಗೆ ಬೇಕು ಎನ್ನಲು ಬಾಯಿ ಬರಲಿಲ್ಲ. ಆ ರಾತ್ರಿ, ಹಳೇ ಕಂಪ್ಯೂಟರಿನಲ್ಲಿ ಬಿಟ್ಟ ನುಚ್ಚು ನೆನಪಾಯಿತು. ಬೆಳಿಗ್ಗೆ, ಟಿ. ನರಸೀಪುರದ ಸಂಗಮದಲ್ಲಿ ಮಿಂದು ಬರುತ್ತೇನೆ ಎಂದು ಸುಳ್ಳು ಹೇಳಿ ಬಸ್ ಹತ್ತಿದೆ. ದಾರಿಯುದ್ದಕ್ಕೂ ಒಂದೇ ಪ್ರಾರ್ಥನೆ: ಆ ಮನುಷ್ಯ ಸೋಮಾರಿಯಾಗಿರಲಿ, ಕಂಪ್ಯೂಟರನ್ನು ಇನ್ನೂ ಗುಡಿಸದಿರಲಿ.

ಅಂಗಡಿ ಸಿಕ್ಕಿತು, ಒಳಗೆ ಹೋಗಲು ಧೈರ್ಯ ಸಿಗಲಿಲ್ಲ. ಫುಟ್‌ಪಾತಿನಲ್ಲಿ ನಿಂತು ಬೋರ್ಡನ್ನು ಮೂರು ಸಲ ಓದಿದೆ. ಒಳಗೆ ಸ್ಟೂಲಿನ ಮೇಲೆ ಒಬ್ಬರು ಫೋಟೊಗೆ ಎದೆಯುಬ್ಬಿಸಿ ಕೂತಿದ್ದರು. ಜೆರಾಕ್ಸಿಗೆಂದು ಒಬ್ಬ ಹೆಂಗಸು ನಿಂತಿದ್ದಳು. ಅಂಗಡಿಯವರು ಕಂಪ್ಯೂಟರಿನಲ್ಲಿ ಏನನ್ನೋ ಒತ್ತಿದರು. ಆಗ ಅಂಗಡಿಯೇ ಅದುರುವಂತೆ ಕೂಗು ಬಂತು.

"ತಲೆ ತಗ್ಸಿ ಯಜಮಾನ್ರೇ! ನಿಮ್ ಕಾಲ್ಗ್ ಬೀಳ್ತೀನಿ, ತಗ್ಸ್ರಪ್ಪಾ!"

ಸ್ಟೂಲಿನವರು ತಲೆ ತಗ್ಗಿಸಿದರು. ಜೆರಾಕ್ಸಿನವಳೂ ತಗ್ಗಿಸಿದಳು. ಹೊರಗೆ ನಿಂತ ನಾನೂ ತಗ್ಗಿಸಿದೆ.

"ಎದ್ರುಕಬ್ಯಾಡಿ," ಎಂದು ಅಂಗಡಿಯವರು ನಕ್ಕರು. "ಅದು ಕಂಪ್ಯೂಟ್ರು. ನಾನ್ ತಪ್ ಮಾಡುದ್ರೆ ಅಂಗ್ ಬಯ್ತದೆ."

ನಾನು ಒಳಗೆ ಹೋದದ್ದು ನನಗೇ ಗೊತ್ತಾಗಲಿಲ್ಲ. ಅವರು ನನ್ನ ಗುರುತು ಹಿಡಿದು ಸ್ಟೂಲು ಕೊಟ್ಟರು. "ಒಂದ್ ಮದ್ವೆ ಬುಟ್ಬುಟ್ಟಿದ್ರಿ ಕಣವ್ವ ಇದ್ರಲ್ಲಿ. ಮನೆ ಖಾಲಿ ಮಾಡ್ದೋರು ಮೂಲೇಲಿ ಬುಟ್ಟೋಗಿರೋದ ಗುಡಿಸ್ಬಾರ್ದು ಅಂತ ನಮ್ಮಜ್ಜಿ ಏಳೋಳು. ಅಂಗೇ ಮಡಗ್ದೆ. ಕೇಳ್ತಾ ಕೇಳ್ತಾ ಈ ದನಿ ಮ್ಯಾಲೆ ಆಸೆ ಆಗೋಯ್ತು. ಒಸಿ ಕಿತ್ತು ಎಚ್ಚರಿಕೆ ಗಂಟೆ ಮಾಡ್ಕಂಡೆ. ಫೋಟೊಗ್ ಕುಂತೋರೆಲ್ಲ ಗಡ್ಡ ಎತ್ಕಂಡ್ ಕೂರೋರು. ನಾನ್ ಏಳುದ್ರೆ ಕೇಳ್ತಿರ್ಲಿಲ್ಲ, ಇವ್ರು ಏಳುದ್ರೆ ಕೇಳ್ತಾರೆ. ಯಾರ್ ಪುಣ್ಯಾತ್ಮನವ್ವಾ ಇವ್ನು? ಒಳ್ಳೇ ಗಂಟ್ಲು."

"ನಮ್ಮನೆಯವ್ರು," ಎಂದೆ.

ಅವರು ಎದ್ದು ನಿಂತುಬಿಟ್ಟರು. "ತಪ್ಪಾಯ್ತು ಕಣವ್ವ. ಈಗ್ಲೇ ತಗ್ದಾಕ್ತೀನಿ."

"ಬ್ಯಾಡಿ. ಇರ್ಲಿ. ನಂಗೂ ಒಂದ್ ಕಾಪಿ ಕೊಡಿ."

"ಯಾವ ಕೋಡೆಕ್ಕಲ್ಲಿ ಕೊಡ್ಲವ್ವ? ಈಗಿನ ಕಾಲದ್ದುಕ್ ಬದಲಾಯ್ಸಿ ಕೊಡ್ಲಾ?"

ಆಗ ನನ್ನ ಬಾಯಿಂದ ಬಂದ ದನಿ ಕೇಳಿ ಜೆರಾಕ್ಸಿನವಳು ತಿರುಗಿ ನೋಡಿದಳು. "ಏನೂ ಮಾಡ್ಬ್ಯಾಡಿ! ಒತ್ಬ್ಯಾಡಿ, ಬಿಚ್ಬ್ಯಾಡಿ. ಎಂಗದೋ ಅಂಗೇ ಕೊಡಿ."

ಪೆನ್‌ಡ್ರೈವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದೆ. ಸಂಗಮದಲ್ಲಿ ಮಿಂದು ಬಂದವಳ ತಲೆ ಯಾಕೆ ಒಣಗಿದೆಯೆಂದು ನಿಮ್ಮ ಅಮ್ಮ ಕೇಳಿದಳು. ಗಂಟು ಬಿಚ್ಚಿ ಎಲ್ಲ ಹೇಳಿದೆ. ಅವಳು ಎದ್ದು ಸ್ಪೀಕರ್ ತಂದು ಜೋಡಿಸಿದಳು. ಮೈಸೂರಿನವರು ಹಳೇ ಫೈಲನ್ನು ಇದ್ದಂತೆಯೇ ಓದುವ ಒಂದು ಸಾಫ್ಟ್‌ವೇರ್ ಹಾಕಿಕೊಟ್ಟರು. ಈ ಸಲ ಹಾಲು ಬೇಡ ಎಂದು ಫೋನಿನಲ್ಲೇ ಹೇಳಿ ಬಂದಿದ್ದರು.

ಸಂಡಿಗೆ, ಅನ್ನದ ಕೆಳಗೆ ನುಚ್ಚು ಎಂಬ ಫೋಲ್ಡರಿದೆ. ಅದನ್ನು ಯಾವ ಕೋಡೆಕ್‌ಗೂ ಬದಲಾಯಿಸಬೇಡಿ. ತೆರೆದರೆ ಪೇಟ ಬಿಟ್ಟು ಬೇರೇನೂ ಕಾಣುವುದಿಲ್ಲ, ಆದರೆ ಇಷ್ಟು ಹೊತ್ತು ನಿಮ್ಮ ತಾತ ಬೇರೆ ಯಾವ ಮದುವೆಯಲ್ಲೂ ಮಾತಾಡಿಲ್ಲ. ಮೊದಲು ಬೇಡುತ್ತಾರೆ, ಆಮೇಲೆ ಬೈಯುತ್ತಾರೆ, ಕೊನೆಗೆ ಪೇಟದವರ ಹತ್ತಿರ ಮನೆಯ ಸಮಾಚಾರವನ್ನೇ ತೆಗೆಯುತ್ತಾರೆ. ಆ ಮದುವೆಯ ತಾಳಿ ನಾನು ಇವತ್ತಿಗೂ ನೋಡಿಲ್ಲ.

ನೀವು ಯಾವತ್ತಾದರೂ ಟಿ. ನರಸೀಪುರದಲ್ಲಿ ಪಾಸ್‌ಪೋರ್ಟ್ ಫೋಟೊ ತೆಗೆಸಲು ಕೂತಾಗ ಕಂಪ್ಯೂಟರ್ ಕೂಗಿದರೆ ನಗಬೇಡಿ. ತಾತ ಹೇಳುತ್ತಿದ್ದಾರೆ, ತಲೆ ತಗ್ಗಿಸಿ.