ತುಕ್ಕು ಹಿಡಿಸುವ ಕೈ

ಕೆಲವರ ಕೈ ಹಾಗೆಯೇ. ಹೊಳೆಯುವ ಉಕ್ಕನ್ನು ಮುಟ್ಟಿದರೆ ಬೆಳಗಾಗುವಷ್ಟರಲ್ಲಿ ಆ ಜಾಗದಲ್ಲಿ ಬೆರಳಿನ ಗುರುತು ಕೆಂಪಗೆ ಎದ್ದಿರುತ್ತದೆ. ಬೆವರಿನಲ್ಲಿ ಉಪ್ಪು ಹೆಚ್ಚೋ ಹುಳಿ ಹೆಚ್ಚೋ, ಯಾರು ಬಲ್ಲರು? ಬೇರೆ ಕಸುಬಿನಲ್ಲಿ ಇದು ಲೆಕ್ಕಕ್ಕೇ ಬಾರದ ಸಂಗತಿ. ಅಂಥ ಕೈಯಿಂದ ಬಟ್ಟೆ ಹೊಲಿಯಬಹುದು, ಪಾಠ ಹೇಳಬಹುದು, ದೇಶವನ್ನೇ ಆಳಬಹುದು. ಕೋವಿ ರಿಪೇರಿಗೆ ಮಾತ್ರ ಆ ಕೈ ಆಗದು. ನಮ್ಮ ಹುಡುಗಿ ಹಟ ಹಿಡಿದು ಕಲಿತದ್ದು ಅದನ್ನೇ.

ತರಬೇತಿ ಶಾಲೆಯಲ್ಲಿ ಜೊತೆಯವರು ಅವಳಿಗೆ ‘ತುಕ್ಕಿ’ ಎಂದು ಹೆಸರಿಟ್ಟರು. ಮೊದಮೊದಲು ಜಗಳವಾಡಿದಳು, ಆಮೇಲೆ ಅದೇ ಹೆಸರಿಗೆ ಓಗೊಟ್ಟಳು. ಜೇಬಿನಲ್ಲಿ ಸದಾ ಎಣ್ಣೆಬಟ್ಟೆ ಇಟ್ಟುಕೊಂಡು, ಮುಟ್ಟಿದ್ದನ್ನೆಲ್ಲ ಒರೆಸುತ್ತ ಒರೆಸುತ್ತಲೇ ಎರಡು ವರ್ಷದ ಕೋರ್ಸು ಮುಗಿಸಿದಳು. ಅರ ಹಿಡಿದು ಉಜ್ಜಲು ನಿಂತರೆ ಅವಳಿಗೆ ಸಾಟಿಯಾಗುವವರು ಆ ತಂಡದಲ್ಲಿ ಒಬ್ಬಿಬ್ಬರೇ.

ಹೊರಗೆ ಬಂದ ಮೇಲೆ ಕಸುಬಿನ ನಿಜ ಬಣ್ಣ ಗೊತ್ತಾಯಿತು. ಕೋವಿ ಕಾರ್ಖಾನೆಯಲ್ಲಿ ಯಂತ್ರಗಳದ್ದೇ ರಾಜ್ಯ, ಮನುಷ್ಯರನ್ನು ತೆಗೆದುಕೊಂಡರೂ ಗುತ್ತಿಗೆಯ ಮೇಲೆ. ಪೊಲೀಸರ ಆಯುಧ ಉಗ್ರಾಣದಲ್ಲಿ ಅನುಭವ ಕೇಳುತ್ತಾರೆ. ಅನುಭವ ಬೇಕೆಂದು ಅಂಗಡಿಗೆ ಹೋದರೆ ಹೊಸಬರಿಗೆ ಹೆಲ್ಪರ್ ಸಂಬಳ ಮಾತ್ರ. ಹೆಲ್ಪರ್ ಆಗಿ ದುಡಿದದ್ದನ್ನು ಉಗ್ರಾಣದವರು ಅನುಭವ ಎಂದೇ ಒಪ್ಪುವುದಿಲ್ಲ. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಎಂದ ಪುಣ್ಯಾತ್ಮ ಈ ಕಸುಬನ್ನು ನೋಡಿಯೇ ಹೇಳಿರಬೇಕು.

ಅವಳ ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಮಗಳ ಕೋರ್ಸಿಗಾಗಿ ಹಗಲಿನ ಪಾಳಿಯ ಮೇಲೆ ಸಂಜೆಯ ಪಾಳಿಯನ್ನೂ ಹಿಡಿದು, ನಿಂತು ನಿಂತು ಕಾಲುಗಳು ದಿಂಬಿನ ಹಾಗೆ ಊದಿದ್ದವು. ಹೆಲ್ಪರ್ ಸಂಬಳ ಬಸ್ಸಿಗೂ ಮಧ್ಯಾಹ್ನದ ಊಟಕ್ಕೂ ಸರಿಹೋಗುತ್ತಿತ್ತು. ಕಸುಬುದಾರರ ಸಂಬಳ, ಅದು ಆರಂಭದ್ದೇ ಆಗಿರಲಿ, ಬಂದರೆ ಅಮ್ಮ ಸಂಜೆಯ ಪಾಳಿ ಬಿಡಬಹುದು. ಆದ್ದರಿಂದ ತುಕ್ಕಿ ನಿಶ್ಚಯಿಸಿದಳು: ಸೇರಿದರೆ ಆ ಸಂಬಳಕ್ಕೇ ಸೇರುವುದು.

“ಹೊಲಿಗೆ ಮಷೀನ್ ರಿಪೇರಿ ಕಲಿಯೋದು ಬಿಟ್ಟು ಈ ಕೋವಿ ಯಾಕೆ ಬೇಕಿತ್ತು?” ಎಂದ ಅಕ್ಕನ ಗಂಡ.

“ಹೊಲಿಗೆ ಮಷೀನೂ ಕಬ್ಬಿಣದ್ದೇ ಭಾವ. ನಾನು ಮುಟ್ಟಿದ್ರೆ ಅದಕ್ಕೂ ತುಕ್ಕೇ.”

ಅವಳು ಹೋದ ಕೋವಿ ರಿಪೇರಿ ಅಂಗಡಿ ಬೀದಿಯಿಂದ ನಾಲ್ಕು ಮೆಟ್ಟಿಲು ಕೆಳಗಿತ್ತು. ಕಿಟಕಿಗಳಿಗೆ ದಪ್ಪ ಸರಳು, ಉದ್ದನೆಯ ಮೇಜು, ಅದಕ್ಕೆ ಬಿಗಿದ, ಬಾಯಿಗೆ ತೊಗಲು ಹೊದಿಸಿದ ವೈಸುಗಳು, ಎಣ್ಣೆಯ ವಾಸನೆ. ಯಜಮಾನರು ಅವಳ ಸರ್ಟಿಫಿಕೇಟು ಬಿಚ್ಚಿಯೂ ನೋಡಲಿಲ್ಲ. ಕನ್ನಡಿಯಂತೆ ಉಜ್ಜಿದ ಉಕ್ಕಿನ ತಗಡೊಂದನ್ನು ಮುಂದೆ ಹಿಡಿದರು. ಕೆಲಸ ಕೇಳಿ ಬಂದವರೆಲ್ಲ ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿಯಬೇಕು. ಒರೆಸದೆ ಗೋಡೆಗೆ ತೂಗುಹಾಕುತ್ತಾರೆ, ಮರುದಿನ ತಗಡೇ ತೀರ್ಪು ಹೇಳುತ್ತದೆ. ಅದು ಆ ಅಂಗಡಿಯ ಪದ್ಧತಿ. ಬರುವ ಮುಂಚೆ ಅಂಗೈಗೆ ಎಣ್ಣೆ ಸವರಿಕೊಂಡು ಪಾರಾದವರ ಕಥೆ ತುಕ್ಕಿಗೂ ಗೊತ್ತಿತ್ತು. ಅವಳು ಸವರಿಕೊಂಡಿರಲಿಲ್ಲ.

“ನನ್ನ ಕೈ ತುಕ್ಕು ಹಿಡಿಸುತ್ತೆ. ಈಗಲೇ ಹೇಳಿಬಿಡ್ತೀನಿ,” ಎಂದಳು.

“ಹಿಡ್ಕೋ. ನಾಳೆ ಬಾ,” ಎಂದರು ಯಜಮಾನರು.

ಮರುದಿನ ತಗಡಿನ ಮೇಲೆ ಐದು ಬೆರಳೂ ಕೆಂಪಗೆ ಮೂಡಿದ್ದವು. ಅಂಗಡಿಯ ಹಳೆಯ ಮೇಸ್ತ್ರಿ ಬಗ್ಗಿ ನೋಡಿ, “ಪೊಲೀಸರು ಶಾಯಿ ಹಚ್ಚಿ ಒತ್ತಿಸಿಕೊಂಡ್ರೂ ಇಷ್ಟು ಚೆನ್ನಾಗಿ ಬರಲ್ಲ,” ಎಂದ.

“ಕೈಗವಸು ಹಾಕ್ಕೊಂಡು ಪೆಟ್ಟಿಗೆಗಳ ಧೂಳು ಹೊಡಿ. ಹೆಲ್ಪರ್ ಸಂಬಳ,” ಎಂದರು ಯಜಮಾನರು. “ಇಷ್ಟ ಇದ್ರೆ ಇರು.”

ಬೇರೆಯವಳಾಗಿದ್ದರೆ ಒಪ್ಪಿಕೊಳ್ಳುತ್ತಿದ್ದಳು, ಇಲ್ಲವೇ ಮುಖ ಊದಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ತುಕ್ಕಿಯ ಕಣ್ಣು ಮೂಲೆಯಲ್ಲಿತ್ತು. ಅಲ್ಲಿ ಬಣ್ಣ ಹೋದ ಕೋವಿ ನಳಿಗೆಗಳು ಬೆತ್ತಲೆ ನಿಂತಿದ್ದವು, ಪಕ್ಕದಲ್ಲಿ ಧೂಳು ತುಂಬಿದ ಉದ್ದನೆಯ ತೊಟ್ಟಿ.

“ಇವಕ್ಕೆ ಕಪ್ಪು ಯಾರು ಏರಿಸ್ತಾರೆ?”

“ಏರಿಸೋನು ವಯಸ್ಸಾಯ್ತು ಅಂತ ಬಿಟ್ಟುಹೋದ,” ಎಂದ ಮೇಸ್ತ್ರಿ. “ಈಗ ದೂರದ ಊರಿಗೆ ಕಳಿಸ್ತೀವಿ. ಯಾವಾಗ್ಲೋ ಬರುತ್ತೆ, ಬಂದದ್ದೂ ಮಚ್ಚೆ ಮಚ್ಚೆ.”

ಕೋವಿಯ ಕಪ್ಪು ಬಳಿದ ಬಣ್ಣವಲ್ಲ, ಬೇಕೆಂದೇ ಹಿಡಿಸಿದ ತುಕ್ಕು. ನಳಿಗೆಯ ಜಿಡ್ಡು ತೆಗೆದು, ಆಮ್ಲದ ನೀರು ಸವರಿ, ತೇವದ ಪೆಟ್ಟಿಗೆಯಲ್ಲಿ ತೂಗುಬಿಟ್ಟರೆ ತೆಳ್ಳನೆಯ ಕೆಂಪು ತುಕ್ಕು ಏಳುತ್ತದೆ. ಕುದಿಯುವ ನೀರಿನಲ್ಲಿ ಮುಳುಗಿಸಿದರೆ ಕೆಂಪು ಕಪ್ಪಾಗುತ್ತದೆ. ಬ್ರಷ್ಷಿನಿಂದ ಉಜ್ಜಿ, ಮತ್ತೆ ಸವರಿ, ಮತ್ತೆ ಕುದಿಸಿ, ಕಪ್ಪು ದಟ್ಟವಾಗುವ ತನಕ ಇದೇ ಪಾಡು. ನಡುವೆ ಯಾರೇ ಬರಿಗೈಯಲ್ಲಿ ಮುಟ್ಟಿದರೂ ಅಲ್ಲಿ ಕಲೆ ಬೀಳುತ್ತದೆ.

“ಆ ತೊಟ್ಟಿ ಹತ್ರ ನನ್ನ ಕೈಯೂ ಆಗಲ್ಲ, ನಿಮ್ಮ ಕೈಯೂ ಆಗಲ್ಲ,” ಎಂದಳು ತುಕ್ಕಿ. “ಇಬ್ರೂ ಗವಸು ಹಾಕ್ಲೇಬೇಕು. ಒಂದು ನಳಿಗೆ ಕೊಡಿ. ಮುಗಿಯೋ ತನಕ ಸಂಬಳ ಬೇಡ. ಸರಿಯಾದ್ರೆ ಕಸುಬುದಾರರ ಸಂಬಳ ಕೊಡಿ.”

“ಒಂದು ತಗಡು ಕೆಡಿಸಿ ಸಂಬಳ ಬೇರೆ ಜಾಸ್ತಿ ಕೇಳ್ತೀಯಲ್ಲ!” ಯಜಮಾನರಿಗೆ ನಗು ತಡೆಯಲಿಲ್ಲ. ಆದರೂ ಒಂದು ಹಳೆಯ ನಳಿಗೆ ಕೊಟ್ಟರು.

ಮೊದಲ ಸಲ ಕೆಟ್ಟಿತು. ಬ್ರಷ್ಷಿನಲ್ಲಿ ಎಲ್ಲೋ ಎಣ್ಣೆಯ ಅಂಶ ಉಳಿದಿತ್ತು, ನಳಿಗೆಯ ನಡುವೆ ಬಿಳಿ ಮಚ್ಚೆ ಎದ್ದಿತು. ಜೀವನವಿಡೀ ಮುಟ್ಟಿದ್ದಕ್ಕೆಲ್ಲ ಎಣ್ಣೆ ಸವರುತ್ತ ಬಂದವಳು ಎಣ್ಣೆಯೇ ಕೂಡದ ಕಡೆಯಲ್ಲೂ ಅಭ್ಯಾಸಬಲದಿಂದ ಬ್ರಷ್ಷನ್ನು ಜೇಬಿನ ಎಣ್ಣೆಬಟ್ಟೆಯಲ್ಲಿ ಒರೆಸಿದ್ದಳು. ಮನೆಗೆ ಬಂದಾಗ ಅಮ್ಮ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು.

“ಕೆಲಸ ಆಯ್ತಾ?”

“ಆಗ್ತಾ ಇದೆ ಅಮ್ಮ.”

ಅಷ್ಟು ಹೇಳಿ ಹಿತ್ತಲಿಗೆ ಹೋಗಿ ಅತ್ತಳು. ಅಮ್ಮನ ಕಾಲು ನೋಡಿ ಸಂಕಟವಾಗಿತ್ತು, ತನ್ನ ಮೇಲೆ ಸಿಟ್ಟು ಬಂದಿತ್ತು. ಅತ್ತು ಮುಗಿಸಿ ಮುಖ ತೊಳೆದುಕೊಂಡಳು. ಮರುದಿನ ಎಣ್ಣೆಬಟ್ಟೆಯನ್ನು ಮನೆಯಲ್ಲೇ ಬಿಟ್ಟು ಹೋದಳು, ಹೊಸ ಬ್ರಷ್ಷನ್ನು ಸೋಡಾ ಹಾಕಿ ಕುದಿಸಿದಳು, ನಳಿಗೆಯನ್ನು ಪೂರ್ತಿ ಉಜ್ಜಿ ಮೊದಲಿನಿಂದ ಶುರುಮಾಡಿದಳು. ಹಬೆಗೆ ಕೂದಲು ಅಂಟಿತು, ಕಣ್ಣು ಉರಿಯಿತು. ಮೇಸ್ತ್ರಿ ಆಗಾಗ ಬಂದು ಇಣುಕುತ್ತಿದ್ದ. ಮೊದಮೊದಲು ತಮಾಷೆ ಮಾಡಿದ, ಆಮೇಲೆ ಸೌದೆ ಒಲೆಯ ಉರಿ ಸರಿಮಾಡಿಕೊಟ್ಟು ಹೋಗತೊಡಗಿದ.

ಕೊನೆಗೆ ನಳಿಗೆ ಕಪ್ಪಾಯಿತು. ಎಣ್ಣೆ ಕುಡಿಸಿ ಒರೆಸಿಕೊಟ್ಟಾಗ ಯಜಮಾನರು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಮಚ್ಚೆಯಿಲ್ಲ, ಗೆರೆಯಿಲ್ಲ.

“ಚೆನ್ನಾಗಿದೆ,” ಎಂದರು. ವ್ಯಾಪಾರಿಯ ನಾಲಗೆ ಅಷ್ಟಕ್ಕೇ ನಿಂತೀತೆ? “ಸದ್ಯಕ್ಕೆ ಹೆಲ್ಪರ್ ಸಂಬಳ ತಗೋ, ಒಂದು ವರ್ಷ ಹೋಗ್ಲಿ. ಇವತ್ತು ಚಂದ ಇದೆ, ನಾಳೆ ತಡೆಯುತ್ತೋ ಇಲ್ವೋ ಯಾರಿಗೆ ಗೊತ್ತು?”

ತುಕ್ಕಿ ಎರಡೂ ಗವಸು ಕಿತ್ತು ಮೇಜಿನ ಮೇಲಿಟ್ಟಳು. ನಳಿಗೆಯನ್ನು ಬರಿಗೈಯಲ್ಲಿ ಬಿಗಿಯಾಗಿ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ನೀವಿದಳು. ಮೇಸ್ತ್ರಿ ‘ಅಯ್ಯಯ್ಯೋ’ ಎಂದ. ಅವಳು ಇನ್ನೊಂದು ಬರಿ ತಗಡನ್ನೂ ಅದೇ ಕೈಯಲ್ಲಿ ಹಿಡಿದಳು.

“ಎರಡನ್ನೂ ಒರೆಸಬೇಡಿ, ಪಕ್ಕಪಕ್ಕ ತೂಗುಹಾಕಿ,” ಎಂದಳು. “ನನ್ನ ಕೈಗಿಂತ ಕೆಟ್ಟ ಕೈ ನಿಮ್ಮ ಗಿರಾಕಿಗಳಲ್ಲಿ ಯಾರಿಗೂ ಇರಲ್ಲ. ಇದಕ್ಕೆ ತಡೆದ್ರೆ ಯಾರ ಕೈಗಾದ್ರೂ ತಡೆಯುತ್ತೆ.”

ಬೆಳಗ್ಗೆ ತಗಡು ಎಂದಿನಂತೆ ಕೆಂಪಾಗಿತ್ತು. ಯಜಮಾನರು ಭೂತಗನ್ನಡಿ ಹಿಡಿದು ನಳಿಗೆಯ ಉದ್ದಕ್ಕೂ ಹುಡುಕಿದರು. ಏನೂ ಸಿಗಲಿಲ್ಲ. ಭೂತಗನ್ನಡಿ ಕೆಳಗಿಟ್ಟು ಮೂಲೆಯಲ್ಲಿದ್ದ ನಳಿಗೆಗಳತ್ತ ನೋಡಿದರು.

“ಅಷ್ಟೂ ನಿನ್ನವು. ಇವತ್ತೇ ಶುರು ಮಾಡ್ತೀಯಾ?”

“ಸಂಬಳ ಹೇಳಿ.”

“ಕಸುಬುದಾರರದ್ದೇ ಕಣಮ್ಮ! ಮುಗಿದ ಮೇಲೆ ಪ್ರತಿಯೊಂದನ್ನೂ ನೀನೇ ಬರಿಗೈಯಲ್ಲಿ ಮುಟ್ಟಿ ಇಡಬೇಕು. ಅದೂ ಕೆಲಸದಲ್ಲೇ ಸೇರಿದೆ.”

ಅಮ್ಮ ಲಾಂಡ್ರಿಯಲ್ಲಿ ಸಂಜೆಯ ಪಾಳಿಗೆ ನಿಂತಿದ್ದಾಗ ತುಕ್ಕಿ ನೇರ ಅಲ್ಲಿಗೇ ಹೋದಳು. ವಿಷಯ ಹೇಳಿ, ಇನ್ನು ಮನೆಗೆ ನಡಿ ಎಂದಳು. ಅಮ್ಮ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು, ಮಗಳ ಅಂಗೈ ಹಿಡಿದು ತಿರುಗಿಸಿ ನೋಡಿದಳು.

“ಇಷ್ಟು ವರ್ಷ ನಾನೂ ಹೇಳ್ಲಿಲ್ಲ, ನೀನೂ ಕೇಳ್ಲಿಲ್ಲ,” ಎಂದಳು. ಇಸ್ತ್ರಿಪೆಟ್ಟಿಗೆಯ ಹಿಡಿಯ ಬುಡಕ್ಕೆ ಸುತ್ತಿದ್ದ ಹಳೆಯ ಬಟ್ಟೆಯನ್ನು ಬಿಚ್ಚಿ ತೋರಿಸಿದಳು. ಅವಳ ಹೆಬ್ಬೆರಳು ಕೂರುವ ಕಡೆ ಕಬ್ಬಿಣ ಕೆಂಪಗೆ ತಿಂದುಹೋಗಿತ್ತು. “ಬೇರೆಯವರ ಬಿಳಿ ಬಟ್ಟೆಗೆ ತಾಗಬಾರದು ಅಂತ ಮುಚ್ಚಿಟ್ಟಿದ್ದೆ. ಇದು ನನ್ನ ಕೈ ಕಣೇ.”

ಇಬ್ಬರೂ ಇಸ್ತ್ರಿಪೆಟ್ಟಿಗೆ ಆರಿಸಿ, ಬೆಳಕಿರುವಾಗಲೇ ಮನೆಗೆ ಹೊರಟರು.