ಕಪ್ಪಿಗೆ ಕಟ್ಟಿದ ಕುಣಿಕೆ

ಹೋದ ವಾರ ಗಂಗೊಳ್ಳಿಯ ಹೊಳೆಬದಿಯಲ್ಲಿ ಯಾರೋ ಮಗುಚಿ ಹಾಕಿದ ದೋಣಿಗೆ ಮೀನೆಣ್ಣೆ ಬಳಿಯುತ್ತಿದ್ದರು. ಬಿಸಿಲಿಗೆ ಕಾದ ಹಲಗೆಯಿಂದ ವಾಸನೆ ಎದ್ದು ಮೂಗಿಗೆ ಬಡಿಯಿತು. ಜೊತೆಗಿದ್ದ ಮೊಮ್ಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಮುಂದೆ ಹೋದಳು. ನನಗೆ ಕಾಲು ಏಳಲಿಲ್ಲ. ಒಂದು ಕಾಲದಲ್ಲಿ ನಮ್ಮ ಜಗಲಿಯ ತುಂಬ ಇದೇ ವಾಸನೆ ಇತ್ತು. ತಂಡೇಲರು ಅಲ್ಲಿ ಕೂತು ತಮ್ಮ ಹಗ್ಗಗಳಿಗೆ ಬೂತಾಯಿ ಮೀನಿನ ಎಣ್ಣೆ ತಿಕ್ಕುತ್ತಿದ್ದರು. ಅವರು ಎದ್ದು ಹೋದ ಮೇಲೆ ನಾನು ಜಗಲಿಗೆ ನೀರು ಹೊಯ್ದು ಉಜ್ಜುತ್ತಿದ್ದೆ… ಎರಡೆರಡು ಸಲ.

ಹಾಯಿ ಕಟ್ಟಿದ ಸರಕಿನ ದೋಣಿಯನ್ನು, ಮಂಜಿಯನ್ನು, ನಡೆಸುವವರಿಗೆ ನಮ್ಮ ಕಡೆ ತಂಡೇಲ ಎನ್ನುತ್ತಾರೆ. ನಮ್ಮ ತಂಡೇಲರ ಮಂಜಿ ಬೈಂದೂರಿನ ಹತ್ತಿರ ಬಂಡೆಗೆ ಬಡಿದು ಒಡೆದಿತ್ತು. ದೊಡ್ಡ ಯುದ್ಧ ನಡೆಯುತ್ತಿದ್ದ ವರ್ಷಗಳು ಅವು. ಯಜಮಾನ ಹೊಸ ಮಂಜಿ ಕಟ್ಟಿಸಲಿಲ್ಲ. ಇವರು ಒಡೆದ ಮಂಜಿಯಿಂದ ಬಾವಿಯ ರಾಟೆಯಂಥ ಎರಡು ಮರದ ಕಪ್ಪಿಗಳನ್ನು, ಒಂದು ಹೊರೆ ಹಗ್ಗವನ್ನು ಹೊತ್ತುಕೊಂಡು ತಲ್ಲೂರಿಗೆ ನಮ್ಮ ಅಪ್ಪಯ್ಯನನ್ನು ಹುಡುಕಿಕೊಂಡು ಬಂದರು. ತಂಡೇಲರ ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ. ಯಾವುದೋ ಬಿರುಗಾಳಿಯಲ್ಲಿ ಹಗ್ಗ ಸೆಳೆದುಕೊಂಡು ಹೋಗಿತ್ತಂತೆ.

ನಮ್ಮದು ಮರ ಇಳಿಸುವ ಕೆಲಸ. ಮರ ಕಡಿಯುವುದು ಕೊಡಲಿ ಹಿಡಿದವನಿಗೆಲ್ಲ ಬರುತ್ತದೆ. ಮನೆಯ ಮೇಲೆ, ಬಾವಿಯ ಮೇಲೆ ವಾಲಿದ ಮರವನ್ನು ಒಂದು ಹಂಚೂ ಒಡೆಯದಂತೆ ತುಂಡುತುಂಡಾಗಿ ಹಗ್ಗದಲ್ಲಿ ಇಳಿಸಬೇಕೆಂದರೆ ಜನ ಅಪ್ಪಯ್ಯನನ್ನು ಕರೆಯುತ್ತಿದ್ದರು. ಅವರಿಗೆ ಮೊಣಕಾಲು ಸೆಟೆದುಕೊಂಡ ಮೇಲೆ ಮರ ಹತ್ತುತ್ತಿದ್ದವನು ನಾನು. ಆಗ ನನಗೆ ಇಪ್ಪತ್ತಾರು ವರ್ಷ, ಮದುವೆಯಾಗಿತ್ತು, ಮಗಳು ಹುಟ್ಟಿದ್ದಳು. ಹತ್ತುವುದು ನಾನಾದರೂ ಯಾವ ಹಗ್ಗ, ಯಾವ ಗಂಟು ಎಂದು ಹೇಳುವುದು ಮಾತ್ರ ಅಪ್ಪಯ್ಯ. ಒಂದು ಸಲವೂ ‘ನೀನೇ ಆರಿಸು’ ಎಂದವರಲ್ಲ. ಹತ್ತು ವರ್ಷ ಆ ಒಂದು ಮಾತಿಗೆ ಕಾದಿದ್ದೆ.

ತಂಡೇಲರು ಬಂದು ಒಂದು ವಾರವೂ ಆಗಿರಲಿಲ್ಲ. ಹೆಮ್ಮಾಡಿಯ ಹತ್ತಿರ ಒಂದು ಹಲಸಿನ ಮರದ ಬುಡದಲ್ಲಿ ಅಪ್ಪಯ್ಯ ಅವರಿಗೆ ಹೇಳಿದರು: “ನಿಮ್ಗೆ ಯಾವ್ದ್ ಸಮ ಕಾಣ್ತ್ತೋ ಅದನ್ನೇ ಕಟ್ಟಿ.” ನಾನು ಹೆಗಲ ಮೇಲಿದ್ದ ಹಗ್ಗವನ್ನು ದೊಪ್ಪನೆ ನೆಲಕ್ಕೆ ಹಾಕಿದೆ.

ಅಲ್ಲಿಯವರೆಗೆ ನಾವು ಹಗ್ಗವನ್ನು ಕೊಂಬೆಯ ಕವೆಗೇ ಹಾಕಿ ಇಳಿಸುತ್ತಿದ್ದೆವು. ಹಗ್ಗ ಉಜ್ಜಿ ಬೇಗ ಹಾಳಾಗುತ್ತಿತ್ತು. ತಂಡೇಲರು ಕಾಂಡಕ್ಕೆ ಬೇರೊಂದು ಕಟ್ಟು ಹಾಕಿ, ಅದಕ್ಕೆ ಕಪ್ಪಿ ಸಿಗಿಸಿ, ಕಪ್ಪಿಯ ಮೇಲೆ ಹಗ್ಗ ಓಡಿಸಿದರು. ಭಾರದ ಕೊಂಬೆ ಮಗು ತೊಟ್ಟಿಲಿಗೆ ಇಳಿದ ಹಾಗೆ ಇಳಿಯಿತು. ಕಾಂಡದ ಕಟ್ಟಿಗೆ ಅವರು ಯಾವಾಗಲೂ ಎಲ್ಲಕ್ಕಿಂತ ದಪ್ಪದ ಹಗ್ಗವನ್ನೇ ಆರಿಸುತ್ತಿದ್ದರು. ಕೊಂಬೆ ಕಟ್ಟಿದ ಹಗ್ಗಕ್ಕಿಂತ ಅದು ಯಾಕೆ ದಪ್ಪ ಬೇಕೆಂದು ಅಪ್ಪಯ್ಯ ಕೇಳಿದಾಗ ಹೇಳಿದರು:

“ಒಂದ್ ಬದಿಂದ ಕೊಂಬಿ ಎಳಿತ್ತ್, ಇನ್ನೊಂದ್ ಬದಿಂದ ನಾವ್ ಎಳಿತ್ತ್. ಎರಡ್ ಭಾರವೂ ಕಪ್ಪಿ ಕಟ್ಟಿನ್ ಮೇಲೇ ಅಲ್ದಾ?”

ಗಂಟೂ ಬೇರೆ. ಕಾಂಡಕ್ಕೆ ಒಂದು ಸುತ್ತು ಹಾಕಿ, ಹಗ್ಗವನ್ನು ಹಿಂದಕ್ಕೆ ಮಡಚಿ, ಎದುರು ದಿಕ್ಕಿನಿಂದ ಇನ್ನೊಂದು ಸುತ್ತು ತಂದು, ತುದಿಯನ್ನು ಒಳಗೆ ತೂರಿಸಿ ಬಿಗಿಯುವುದು. ಭಾರ ಯಾವ ಕಡೆ ತಿರುಗಿದರೂ ಅದು ಜಾರುವುದಿಲ್ಲ. ನಮ್ಮದು ಅಪ್ಪಯ್ಯ ಕಲಿಸಿದ ಕುಣಿಕೆ, ಎಳೆದಷ್ಟೂ ಬಿಗಿಯುವ ಒಂಟಿ ಕುಣಿಕೆ. ಅದನ್ನು ಕಂಡು ತಂಡೇಲರು, “ಕೊಂಬಿ ಕಟ್ಟೂಕೆ ಲಾಯ್ಕ್ ಇತ್ತ್. ಕಪ್ಪಿಗೆ ಬ್ಯಾಡ” ಎಂದರು. ಅಪ್ಪಯ್ಯ ತಲೆಯಾಡಿಸಿದರು. ತಮ್ಮ ಗಂಟನ್ನು ಒಬ್ಬರು ಬೇಡ ಎಂದರೆ ಅಪ್ಪಯ್ಯ ತಲೆಯಾಡಿಸುವುದೇ? ನನಗೆ ಸಹಿಸಲಾಗಲಿಲ್ಲ.

ಮನೆಯಲ್ಲೂ ಅವರದೇ ಮಾತು. ಒಂದು ಮಧ್ಯಾಹ್ನ ಊಟಕ್ಕೆ ಬಂದ ತಂಡೇಲರಿಗೆ ನನ್ನ ಹೆಂಡತಿ, “ಹ್ವಾಯ್, ತೊಟ್ಲ್ ಹಗ್ಗ ಒಂಚೂರ್ ಕಟ್ಟಿ ಕೊಡ್ತ್ರ್ಯಾ?” ಎಂದು ಕೇಳಿದಳು. ನಾನು ಅಲ್ಲೇ ಕೂತಿದ್ದೆ. ಎಂಟೇ ಬೆರಳಿನ ಎರಡು ಕೈಯಲ್ಲಿ ಅವರು ಮಾಡಿನ ತೊಲೆಗೆ ಹಗ್ಗ ಸುತ್ತಿದ ವೇಗ ನೋಡಿ ಅವಳು ಬಾಯಿ ತೆರೆದು ನಿಂತಿದ್ದಳು. ಅವರು ಹೋದ ಮೇಲೆ ನಾನು ಆ ಗಂಟನ್ನು ಬಿಚ್ಚಿ ನನ್ನ ಗಂಟು ಹಾಕಿದೆ. ಮರುದಿನ ತೊಟ್ಟಿಲು ಒಂದು ಕಡೆಗೆ ವಾಲಿತ್ತು. ಅವಳು ಮಗುವನ್ನು ಎತ್ತಿಕೊಂಡು ಚಾಪೆಯ ಮೇಲೆ ಮಲಗಿಸಿದಳು. ಬೈದಿದ್ದರೆ ವಾಸಿ ಇತ್ತು…

ಆ ವರ್ಷ ಮಳೆ ಹಿಡಿಯುವ ಮೊದಲು ಕೊಕ್ಕರ್ಣೆಯಲ್ಲಿ ಒಂದು ಕೆಲಸ ಬಂತು. ಹೊಸ ಹಂಚು ಹೊದೆಸಿದ ಮನೆ. ಅಡುಗೆಮನೆಯ ಮೇಲೆ ಬಾಗಿದ ಮುದಿ ಕಾಟುಮಾವಿನ ಮರ. ಅಪ್ಪಯ್ಯ ಮನೆಯ ಹಿಂದೆ ಹಟ್ಟಿಯಿಂದ ದನಗಳನ್ನು ಬಿಚ್ಚಿಸುತ್ತಿದ್ದರು. ನಾನು ಮರದ ಮೇಲಿದ್ದೆ. ತಂಡೇಲರು ಕೆಳಗಿನಿಂದ ಎರಡು ಹಗ್ಗ ಕಳಿಸಿದರು; ಒಂದು ದಪ್ಪದ್ದು, ಒಂದು ಸಪೂರದ್ದು.

“ದಪ್ಪದ್ ಕಪ್ಪಿಗೆ. ಎದುರ್ ಸುತ್ತ್ ಹಾಕೂಕೆ ಮರಿಬ್ಯಾಡ,” ಎಂದು ಕೂಗಿದರು.

ಎಲೆಗಳ ನಡುವೆ ನಾನು ಯಾರಿಗೂ ಕಾಣುತ್ತಿರಲಿಲ್ಲ. ದಪ್ಪ ಹಗ್ಗವನ್ನು ಕೈಯಲ್ಲಿ ಹಿಡಿದಿದ್ದೆ. ಆಮೇಲೆ ಅದನ್ನು ಪಕ್ಕದ ಕವೆಗೆ ನೇತುಹಾಕಿ, ಸಪೂರದ್ದರಲ್ಲಿ ಅಪ್ಪಯ್ಯನ ಕುಣಿಕೆ ಹಾಕಿ ಕಪ್ಪಿ ಕಟ್ಟಿದೆ. ಇದೂ ತಡೆಯುತ್ತದೆ ಎಂದು ತೋರಿಸಬೇಕಿತ್ತು, ಅಷ್ಟೇ. ಸಂಜೆ ಎಲ್ಲರೆದುರು ಬಿಚ್ಚಿ ತೋರಿಸಿ, ನೋಡಿ ಎನ್ನಬೇಕಿತ್ತು.

“ಹೇಳ್ದಂಗೇ ಕಟ್ಟಿದ್ಯಾ?”

“ಹ್ಞೂಂ,” ಎಂದೆ.

ಮೊದಲಿನ ಎರಡು ಕೊಂಬೆಗಳು ಸರಿಯಾಗಿಯೇ ಇಳಿದವು. ನನ್ನ ಎದೆ ಉಬ್ಬಿತು. ಮೂರನೆಯದು ಹೆಗ್ಗೊಂಬೆ. ಗರಗಸ ಕಚ್ಚಿ ಅದು ಮುರಿದು ಜೋತ ಹೊತ್ತಿಗೆ ಅಪ್ಪಯ್ಯ ಕಾಲೆಳೆದುಕೊಂಡು ಮನೆಯ ಮೂಲೆ ಸುತ್ತಿ ಮರದಡಿಗೆ ಬಂದಿದ್ದರು. ಭಾರ ಒಂದು ಕಡೆ ತಿರುಗಿತು, ಕುಣಿಕೆ ಕಾಂಡದ ಮೇಲೆ ಒಂದು ಗೇಣು ಜಾರಿ ತಟ್ಟನೆ ನಿಂತಿತು. ಆ ಜಗ್ಗಿಗೆ ಹಗ್ಗ ಹರಿದ ಶಬ್ದ ಈಗಲೂ ನನ್ನ ಕಿವಿಯಲ್ಲಿದೆ. ಕೊಂಬೆಯೂ ಕಪ್ಪಿಯೂ ಒಟ್ಟಿಗೆ ಹೋದವು. ಮೇಲಿನಿಂದ ನೋಡುತ್ತಿದ್ದೆ. ತಂಡೇಲರು ಹಿಡಿದ ಹಗ್ಗ ಬಿಟ್ಟು ಹಾರಿ ಅಪ್ಪಯ್ಯನನ್ನು ಎರಡೂ ಕೈಯಿಂದ ತಳ್ಳಿದರು. ಅಪ್ಪಯ್ಯ ದೂರ ಬಿದ್ದರು. ಕೊಂಬೆ ಅವರಿದ್ದ ಜಾಗದಲ್ಲೇ ನೆಲಕ್ಕೆ ಬಡಿಯಿತು. ಕಪ್ಪಿ ತಂಡೇಲರ ಬಲತೋಳಿನ ಮೇಲೆ.

ನಾನು ಹೇಗೆ ಇಳಿದೆನೋ ಗೊತ್ತಿಲ್ಲ. ಅಪ್ಪಯ್ಯ ಎದ್ದು, ಕಪ್ಪಿಗೆ ಅಂಟಿಕೊಂಡಿದ್ದ ತುಂಡು ಹಗ್ಗವನ್ನು ಕೈಗೆತ್ತಿಕೊಂಡು ನೋಡುತ್ತಿದ್ದರು. ಅದು ಸಪೂರದ ಹಗ್ಗವೆಂದು ಕುರುಡನಿಗೂ ತಿಳಿಯುತ್ತಿತ್ತು. ಅವರು ನನ್ನ ಕಡೆ ಕತ್ತು ತಿರುಗಿಸುವುದರೊಳಗೆ, ನೆಲದ ಮೇಲೆ ತೋಳು ಹಿಡಿದು ಕೂತಿದ್ದ ತಂಡೇಲರು ಹೇಳಿದರು:

“ನಾನೇ ಹೇಳಿದ್ದ್. ಇದಕ್ಕೆ ಸಪೂರದ್ ಸಾಕ್, ನಿಮ್ ಕುಣಿಕೇನೇ ಹಾಕ್ ಅಂದ್ಹೇಳಿ. ನಂದೇ ಅಂದಾಜ್ ತಪ್ಪಿತ್.”

ನಾನು ಬಾಯಿ ತೆರೆಯಲಿಲ್ಲ. ಇಷ್ಟು ವರ್ಷದ ಮೇಲೆ ಸುಳ್ಳು ಬರೆಯಬಾರದು: ಆ ಗಳಿಗೆಯಲ್ಲಿ ನನಗೆ ನಾಚಿಕೆಗಿಂತ ಮೊದಲು ಬಂದದ್ದು ಉರಿ. ಇದರಲ್ಲೂ ಇವರೇ ಗೆದ್ದರಲ್ಲ ಎಂಬ ಉರಿ. ನಾಚಿಕೆ ಬಂದದ್ದು ಆಮೇಲೆ, ಗಾಡಿಯಲ್ಲಿ ಅವರನ್ನು ಮಲಗಿಸಿಕೊಂಡು ಬರುವಾಗ, ಚಕ್ರ ಕಲ್ಲು ಹತ್ತಿದಾಗಲೆಲ್ಲ ಅವರು ಹಲ್ಲು ಕಚ್ಚುತ್ತಿದ್ದುದನ್ನು ನೋಡಿ. ಅಪ್ಪಯ್ಯ ಆ ಮಾತನ್ನು ನಂಬಿದರೋ ಇಲ್ಲವೋ… ಹರಿದ ತುಂಡನ್ನು ಬಚ್ಚಲ ಒಲೆಗೆ ಹಾಕಿದರು. ಮತ್ತೆ ಆ ವಿಷಯ ಎತ್ತಲಿಲ್ಲ.

ಆ ಮಳೆಗಾಲ ತಂಡೇಲರು ನಮ್ಮ ಮನೆಯಲ್ಲೇ ಇದ್ದರು. ಮೂಳೆ ಕಟ್ಟುವವರು ಬಿದಿರಿನ ಸೀಳು ಇಟ್ಟು ತೋಳು ಬಿಗಿದಿದ್ದರು. ನನ್ನ ಹೆಂಡತಿ ಅವರಿಗೆ ಅನ್ನ ಕಲೆಸಿ ಕೊಡುತ್ತಿದ್ದಳು. ಅವರು ಜಗಲಿಯ ಕಂಬದ ಹತ್ತಿರ ಕೂತು ಒಂದೊಂದೇ ಗಂಟನ್ನು ಬಾಯಲ್ಲಿ ಹೇಳುವುದು, ನಾನು ಕಂಬಕ್ಕೆ ಕಟ್ಟುವುದು. ಯಾವ ಹಗ್ಗ ಹಳತಾಯಿತೆಂದು ಬೆರಳಿನಿಂದ ತಿಳಿಯುವುದು, ಕಟ್ಟು ಕವೆಯ ಕೆಳಗೇ ಕೂರಬೇಕು ಎಂಬುದು, ಒದ್ದೆ ಹಗ್ಗವನ್ನು ನಂಬಬಾರದು ಎಂಬುದು ಎಲ್ಲವನ್ನೂ ಆ ನಾಲ್ಕು ತಿಂಗಳಲ್ಲಿ ಹೇಳಿದರು. ಕೊಕ್ಕರ್ಣೆಯ ಮಾತು ಮಾತ್ರ ಬರಲೇ ಇಲ್ಲ. ಒಂದೇ ಒಂದು ದಿನ, ನನ್ನ ಎದುರು ಸುತ್ತನ್ನು ಎಳೆದು ಪರೀಕ್ಷಿಸಿ, “ನಿಂಗೆ ಕೈ ಇತ್ತ್ ಮಗ. ಸಿಟ್ಟ್ ಒಂದ್ ಬಿಡ್ಕ್” ಎಂದರು.

ತೋಳು ಸೊಟ್ಟಗೆ ಕೂಡಿತು. ಭುಜದ ಮೇಲಕ್ಕೆ ಏಳುತ್ತಿರಲಿಲ್ಲ. ಮಳೆ ನಿಂತ ಮೇಲೆ ಬೈಂದೂರಿನ ತಂಗಿಯ ಮನೆಗೆ ಹೊರಟರು. ಕಪ್ಪಿಗಳೆರಡನ್ನೂ ಅಪ್ಪಯ್ಯನ ಕೈಗೆ ಕೊಟ್ಟರು. ಅಲ್ಲೇ ಕೈಚಾಚುವಷ್ಟು ದೂರದಲ್ಲಿ ನಾನು ನಿಂತಿದ್ದೆ.

ಸ್ವಾತಂತ್ರ್ಯ ಬಂದ ಮರುವರ್ಷ ಅಪ್ಪಯ್ಯ ಹಾಸಿಗೆ ಹಿಡಿದರು. ಕೊನೆಯ ದಿನಗಳಲ್ಲಿ ಬಾಗಿಲಲ್ಲಿ ಯಾರ ಹೆಜ್ಜೆ ಕೇಳಿದರೂ, “ತಂಡೇಲ್ರ್ ಬಂದ್ರಾ?” ಎನ್ನುತ್ತಿದ್ದರು. “ನಾನ್, ಅಪ್ಪಯ್ಯ” ಎಂದರೆ ಕಣ್ಣು ಮುಚ್ಚುತ್ತಿದ್ದರು.

ಅವರ ಕ್ರಿಯೆ ಮುಗಿಸಿ ಬೈಂದೂರಿಗೆ ಹೋದೆ. ಸಮುದ್ರದ ಬದಿಯ ಮನೆ. ಅಂಗಳದಲ್ಲಿ ತಂಡೇಲರ ತಂಗಿ ಮೀನು ಒಣಗಿಸುತ್ತಿದ್ದರು. ಅಣ್ಣ ಎಲ್ಲಿ ಎಂದು ಕೇಳಿದೆ.

“ಹ್ವಾದ ಮಳ್ಗಾಲ್ದಲ್ಲೇ ತೀರ್ಕಂಡ್ರ್. ಜ್ವರ ಬಂದದ್ ಒಂದ್ ನೆವ. ನೀವ್ ಯಾರ್ ಅಂದ್ಹೇಳಿ ಗೊತ್ತಾಯ್ಲಿಲ್ಲ.”

ತಲ್ಲೂರಿನವನು ಎಂದೆ, ಅಪ್ಪಯ್ಯನ ಗುರುತು ಹೇಳಿದೆ. ಅಪ್ಪಯ್ಯನ ಸುದ್ದಿ ಅವರಿಗೆ ಚೆನ್ನಾಗಿ ಗೊತ್ತಿತ್ತು, ನನ್ನ ಹೆಂಡತಿ ಕಲೆಸಿಕೊಟ್ಟ ಅನ್ನದ ಸುದ್ದಿಯೂ. “ಅವರಿಗೆ ಮಗ ಇದ್ದದ್ ಗೊತ್ತಿಲ್ಲ ಕಾಣಿ. ಅಣ್ಣ ಹೇಳಲೇ ಇಲ್ಲ. ಕೈ ಮುರ್ಕಂಡದ್ ತನ್ನದೇ ತಪ್ಪಿಗೆ ಅಂತಿದ್ರ್.”

ಅಲ್ಲಿ, ಆ ಒಣಮೀನಿನ ನಡುವೆ ನಿಂತು, ತಪ್ಪು ಯಾರದೆಂದು ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಅವರು ಕೇಳಿಸಿಕೊಂಡರು. ಹರವಿದ್ದ ಮೀನನ್ನೆಲ್ಲ ಮಗುಚಿ ಮುಗಿಸಿದರು. ಆಮೇಲೆ, “ಈಗ ನಂಗೆ ಹೇಳಿ ಎಂತ ಮಾಡೂಕಾತ್ತ್? ಬಿಸ್ಲಂಗೆ ನಿಂತ್ಕಣ್ಬ್ಯಾಡಿ, ಒಳ್ಗೆ ಬನ್ನಿ” ಎಂದರು. ನಾನು ಒಳಗೆ ಹೋಗಲಿಲ್ಲ.

ನನ್ನ ಹೆಸರನ್ನು ತಂಡೇಲರು ಉಳಿಸಿದ್ದು ಹಾಗೆ, ಅದನ್ನು ಒಂದು ಸಲವೂ ಎತ್ತದೆ. ಆಮೇಲೆ ಮೂವತ್ತು ವರ್ಷ ಮರ ಇಳಿಸಿದೆ. ಕಟ್ಟು ಹರಿದು ಯಾರಿಗೂ ಪೆಟ್ಟಾಗಲಿಲ್ಲ. ಯಾರು ಕಲಿಸಿದರು ಎಂದು ಕೇಳಿದವರಿಗೆಲ್ಲ ಅಪ್ಪಯ್ಯ ಎಂದೇ ಹೇಳಿಕೊಂಡು ಬಂದೆ. ಈಗ ಬೆರಳುಗಳು ಮಡಚುವುದಿಲ್ಲ, ಮರಕ್ಕೆ ಯಾರೂ ಕರೆಯುವುದೂ ಇಲ್ಲ. ತಂಡೇಲರ ಒಂದು ಚಿತ್ರವೂ ನನ್ನ ಹತ್ತಿರ ಇಲ್ಲ… ಮುಖ ಮಸುಕಾಗುತ್ತಿದೆ. ಹೊಟ್ಟೆಕಿಚ್ಚು ಪಡುವಷ್ಟು ದೊಡ್ಡವರು ನನ್ನ ಬದುಕಿನಲ್ಲಿ ಮತ್ತೆ ಯಾರೂ ಬರಲಿಲ್ಲ.